ಸರ್ದಿಕ ಕೋಟೆಯ ಮುತ್ತಿಗೆ

ಮುತ್ತಿಗೆಯೆಂದೊಡನೆ ಕೋಟೆಯೊಳಗೆ ಹಸಿದು ಕುಳಿತವರ ಚಿತ್ರವೇ ನಮ್ಮ ಮನಸ್ಸಿಗೆ ಬರುವುದು. ಹೊರಗೆ ಪಾಳೆಯವಿಳಿದ ದಂಡೂ ಹಸಿಯಬಹುದೆಂಬುದನ್ನು ನಾವು ಮರೆಯುವೆವು. ಕ್ರಿ. ಶ. 986ರಲ್ಲಿ ಸರ್ದಿಕ ಪಟ್ಟಣದ ಮುಂದೆ ನಡೆದುದು ಇದೇ. ಈಗ ಬಲ್ಗೇರಿಯದ ರಾಜಧಾನಿಯಾದ ಸೋಫಿಯವೇ ಆ ಪಟ್ಟಣವು.

ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯಾದ ಎರಡನೆಯ ಬೆಸಿಲನಿಗೆ ಆಗ ಸುಮಾರು 28 ವರ್ಷ. ಬಾಲ್ಯದಲ್ಲಿಯೇ ಕಿರೀಟವನ್ನು ಧರಿಸಿದ್ದರೂ, ರಾಜ್ಯಭಾರವನ್ನು ನಡೆಸುತ್ತಿದ್ದ ಮಂತ್ರಿಯನ್ನು 985ರಲ್ಲಿ ತೆಗೆದುಹಾಕಿದ ಮೇಲೆಯೇ ಆತನು ಸ್ವತಂತ್ರನಾದನು. ಅತ್ತ ಬಲ್ಗೇರಿಯರ ನಾಯಕನಾದ ಸಾಮುಯೇಲನು ಗ್ರೀಸಿನ ಲಾರಿಸ್ಸ ಪಟ್ಟಣವನ್ನು ಹಸಿವಿನಿಂದ ಬಳಲಿಸಿ ಹಿಡಿದಿದ್ದನು. ಆತನ ಬಲವನ್ನು ಮುರಿಯಬೇಕೆಂದು ಬೆಸಿಲನು ತಾನೇ ದಂಡೆತ್ತಿ ಹೊರಟನು. ಪೂರ್ವಪ್ರಾಂತ್ಯಗಳ ನುರಿತ ಸೇನಾಪತಿಗಳನ್ನು ಕರೆಯಲಿಲ್ಲ.

ಮುತ್ತಿಗೆಯು 20 ದಿವಸ ನಡೆಯಿತು. ಮೇವಿಗೂ ಧಾನ್ಯಕ್ಕೂ ಹೊರಟ ತಂಡಗಳ ಮೇಲೆ ಬಲ್ಗೇರಿಯರು ಹೊಂಚುಹಾಕಿ ಬಿದ್ದು ಕುದುರೆಗಳನ್ನೂ ಹೇರುದನಗಳನ್ನೂ ಹೊಡೆದುಕೊಂಡು ಹೋದರು. ಗೋಡೆ ಕೆಡಹುವ ಯಂತ್ರಗಳು ನಾಯಕರ ಅನನುಭವದಿಂದ ಕೆಲಸಕ್ಕೆ ಬಾರದೆ, ಶತ್ರುಗಳು ಇಟ್ಟ ಬೆಂಕಿಗೆ ತುತ್ತಾದುವು. ತಂದ ಆಹಾರವೂ ತೀರಿತು. ಚಕ್ರವರ್ತಿಯು ಹಿಂದಿರುಗಲು ಅಪ್ಪಣೆಮಾಡಿದನು. ರಾಜಧಾನಿಯಲ್ಲಿ ದ್ರೋಹ ನಡೆಯುವುದೆಂದು ಒಬ್ಬ ಸೇನಾಪತಿಯು ಸುಳ್ಳು ಹೇಳಿ ಆತನನ್ನು ಬೆದರಿಸಿದನೆಂದು ಮುಂದಿನ ಶತಮಾನದ ಸ್ಕಿಲಿಟ್ಸೆಸನು ಬರೆದಿದ್ದಾನೆ. ಇರಬಹುದು, ಆದರೆ ಬರಿದಾದ ಧಾನ್ಯದ ಚೀಲಗಳೇ ಸಾಕಾದ ಕಾರಣವೆಂದು ನಮಗೆ ತೋರುವುದು.

ಈ ದಂಡಿನಲ್ಲಿ ಲಿಯೋ ಎಂಬ ತರುಣ ಸಭಾಸೇವಕನಿದ್ದನು. ಅರಮನೆಯ ಡೀಕನನಾಗಿ ಚಕ್ರವರ್ತಿಯ ಸಂಗಡ ಬಂದಿದ್ದ ಈತನು ಕಂಡುದನ್ನು ಬರೆದಿಟ್ಟನು. ಹಿಂದಿರುಗುವ ದಾರಿಯಲ್ಲಿ ರಾತ್ರಿ ಒಂದು ನಕ್ಷತ್ರವು ಬೆಳಕು ಚೆಲ್ಲುತ್ತಾ ಪಾಳೆಯದ ಬಳಿ ಉದುರಿತಂತೆ. ಅದನ್ನು ಆತನು ಕೇಡಿನ ಗುರುತೆಂದೇ ಎಣಿಸಿದನು. ಆಗಸ್ಟ್ 17ರ ಮಂಗಳವಾರ, ತ್ರಾಯಾನನ ದ್ವಾರವೆಂಬ ಕಣಿವೆಯಲ್ಲಿ ಬಲ್ಗೇರಿಯರು ಮೇಲೆ ಬಿದ್ದರು. ಅಸಂಖ್ಯಾತ ಜನರು ಹತರಾದರು. ಚಕ್ರವರ್ತಿಯ ಗುಡಾರವೂ ಸಾಮಾನು ಸರಂಜಾಮೂ ಶತ್ರುವಿನ ಪಾಲಾದುವು. ಲಿಯೋವಿನ ಕಾಲೂ ಜಾರಿತ್ತು. ಶತ್ರುಗಳು ಇಳಿಜಾರನ್ನು ಮುಟ್ಟುವ ಮೊದಲೇ ಕುದುರೆಯನ್ನು ಓಡಿಸಿ ದಾಟಿದುದರಿಂದ ಜೀವ ಉಳಿಯಿತು. ಅದನ್ನು ಆತನು ದೇವರ ಕೃಪೆಯೆಂದು ಬರೆದುಕೊಂಡನು. ಆ ಕುದುರೆಯು ಎಡವಿದ್ದರೆ ಈ ಮುತ್ತಿಗೆಯ ವಿಷಯವಾಗಿ ನಮಗೆ ಇಷ್ಟೊಂದು ತಿಳಿಯುತ್ತಿರಲಿಲ್ಲ.

ಬೆಸಿಲನು ಪ್ರಾಣದೊಡನೆ ಪಾರಾದನು. ಮರುವರ್ಷವೇ ಆ ಪೂರ್ವದ ಸೇನಾಪತಿಗಳು ದಂಗೆಯೆದ್ದರು. ಅದನ್ನು ಅಡಗಿಸಿದ ತರುವಾಯ ಆತನು ವರುಷ ವರುಷವೂ ತಾಳ್ಮೆಯಿಂದ ಯುದ್ಧ ನಡೆಸಿದನು. ಬಲ್ಗೇರಿಯವು ಸಂಪೂರ್ಣವಾಗಿ ಆತನ ವಶವಾದುದು 1018ರಲ್ಲಿ, ಸರ್ದಿಕದ ಮುಂದಿನಿಂದ ಹಸಿದು ಹಿಂದಿರುಗಿದ 32 ವರ್ಷಗಳ ಮೇಲೆ.