ರಜೆ ಮುಗಿಸಿ ಕುವೈತ್‌ಗೆ ಮರಳುವವರೇ, ಮೊದಲ ವಾರ ಜೋಪಾನ

2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ ತಾಪಮಾನ 53.9 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಈ ದಾಖಲೆಯನ್ನು ವಿಶ್ವ ಹವಾಮಾನ ಸಂಸ್ಥೆಯೇ ದೃಢೀಕರಿಸಿದೆ. ಆ ದೇಶದಲ್ಲಿ ಸದಾ ಹರಿಯುವ ಒಂದು ನದಿಯೂ ಇಲ್ಲ. ಕುಡಿಯುವ ನೀರಿನ ಬಹುಪಾಲನ್ನು ಸಮುದ್ರದ ನೀರಿನಿಂದ ಉಪ್ಪು ತೆಗೆದು ಪಡೆಯಬೇಕು. ಹವಾಮಾನ ಬದಲಾವಣೆಯಿಂದ ಅಲ್ಲಿನ ಬೇಸಿಗೆ ಇನ್ನಷ್ಟು ಕಠಿಣವಾಗುತ್ತಿದೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಗಲ್ಫ್‌ನ ಈ ಬಿಸಿಲಿನಲ್ಲಿ ದುಡಿಯುತ್ತಿದ್ದಾರೆ. ಕುವೈತ್‌ನಲ್ಲಿ ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆದರೆ 10 ಗಂಟೆಯ ಬಿಸಿಲೂ ಅಪಾಯಕಾರಿಯೇ.

ಬೆವರು ಆರಿದಾಗ ದೇಹ ತಣಿಯುತ್ತದೆ. ಸಮುದ್ರದ ಕಡೆಯಿಂದ ತೇವದ ಗಾಳಿ ಬೀಸುವ ದಿನಗಳಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಆಗ ನೆರಳಿನಲ್ಲಿದ್ದರೂ ಮೈ ಕಾಯುತ್ತಲೇ ಇರುತ್ತದೆ.

ಮೊದಲ ದಿನಗಳೇ ಏಕೆ?

ದೇಹ ಸೆಖೆಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಊರಿನ ಮಳೆಗಾಲದಲ್ಲಿ ತಿಂಗಳು ಕಳೆದರೆ ಆ ಒಗ್ಗಿಕೆ ಬಹುತೇಕ ಹೋಗಿಬಿಡುತ್ತದೆ. ಹತ್ತು ವರ್ಷದ ಅನುಭವಿಯೂ ಆಗ ಹೊಸಬನೇ. ಕೆಲಸದ ಸ್ಥಳಗಳಲ್ಲಿ ಬಿಸಿಲಿನಿಂದಾಗುವ ಸಾವುಗಳಲ್ಲಿ ಹೆಚ್ಚಿನವು ಮೊದಲ ಕೆಲವು ದಿನಗಳಲ್ಲೇ ಸಂಭವಿಸುತ್ತವೆ. ಆದ್ದರಿಂದ ಮೊದಲ ದಿನ ಸ್ವಲ್ಪವೇ ಕೆಲಸ ಮಾಡಿ, ದಿನದಿಂದ ದಿನಕ್ಕೆ ಹೆಚ್ಚಿಸಬೇಕು. ಇದನ್ನು ಮೇಲ್ವಿಚಾರಕರಿಗೆ ಮೊದಲೇ ತಿಳಿಸಿರಿ.

ಬಾಯಾರಿಕೆಗಾಗಿ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಊಟ ಬಿಡಬೇಡಿ, ಬೆವರಿನಲ್ಲಿ ಹೋದ ಉಪ್ಪು ಆಹಾರದಿಂದಲೇ ಮರಳಿ ಸಿಗುತ್ತದೆ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಿರಿ. ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರು ವಿಮಾನ ಹತ್ತುವ ಮೊದಲೇ ವೈದ್ಯರನ್ನು ಕಾಣಬೇಕು.

ಜೊತೆಗಾರ ಕುಸಿದರೆ

ತಲೆಸುತ್ತು, ವಾಂತಿ, ಸ್ನಾಯು ಸೆಳೆತ ಮೊದಲ ಎಚ್ಚರಿಕೆಗಳು. ಮಾತು ತೊದಲಿದರೆ, ಗೊಂದಲದಿಂದ ವರ್ತಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ ಎಂದೇ ತಿಳಿಯಿರಿ. ಮೈ ಬೆವರುತ್ತಿದ್ದರೂ ಅದು ಬಿಸಿಲಾಘಾತವಾಗಿರಬಹುದು. ಕುವೈತ್‌ನಲ್ಲಿ ತಕ್ಷಣ 112ಕ್ಕೆ ಕರೆ ಮಾಡಿರಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕೂರಬೇಡಿ. ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿರಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಇಲ್ಲಿ ಪ್ರಯೋಜನವಿಲ್ಲ.

ಮನೆಯವರಿಗೂ ಒಂದು ಮಾತು: ಗಲ್ಫ್‌ಗೆ ಮರಳಿದ ಮಗನಿಗೆ, ಗಂಡನಿಗೆ ಮೊದಲ ವಾರ ದಿನವೂ ಫೋನ್ ಮಾಡಿರಿ. ಸಂಬಳದ ವಿಚಾರ ಆಮೇಲೆ. ನೀರು ಕುಡಿದರಾ, ವಿಶ್ರಾಂತಿ ಸಿಕ್ಕಿತಾ ಎಂದು ಮೊದಲು ಕೇಳಿರಿ.