‘ವೈಜ್ಞಾನಿಕ ಬೆಲೆ’ ಎಂದರೆ ಎಷ್ಟು ರೂಪಾಯಿ?

ಹಾವೇರಿ ಜಿಲ್ಲೆಯಲ್ಲಿ ರಾಜಕೀಯ ಸಭೆ ಹೊಸರಿತ್ತಿಯಲ್ಲೇ ನಡೆಯಲಿ, ರಾಣೆಬೆನ್ನೂರಿನಲ್ಲೇ ನಡೆಯಲಿ, ಒಂದು ಭರವಸೆ ಬಾರದೆ ಭಾಷಣ ಮುಗಿಯುವುದು ಅಪರೂಪ: ರೈತರ ಬೆಳೆಗೆ ವೈಜ್ಞಾನಿಕ ಬೆಲೆ. ಯಾವ ಪಕ್ಷದವರೂ ಇದಕ್ಕೆ ಹೊರತಲ್ಲ. ಗೋವಿನಜೋಳ ಬೆಳೆದವರು ತಮ್ಮ ಮನಸ್ಸಿನಲ್ಲಿರುವ ದರವನ್ನು ಆ ಮಾತಿಗೆ ತುಂಬಿಕೊಳ್ಳುತ್ತಾರೆ, ಹತ್ತಿ ಬೆಳೆದವರು ತಮ್ಮದನ್ನು. ಭಾಷಣ ಮಾಡಿದವರ ಬಾಯಿಂದ ಮಾತ್ರ ಯಾವ ದರವೂ ಬಂದಿರುವುದಿಲ್ಲ.

ರಾಜಕೀಯ ಭಾಷೆಯ ಅಸಲು ಕಸುಬು ಇದೇ. ಸುಳ್ಳು ಹೇಳಿದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳಬಹುದು. ಅಸ್ಪಷ್ಟವಾಗಿ ಹೇಳಿದವರು ಸಿಕ್ಕಿಬೀಳುವುದಿಲ್ಲ, ಏಕೆಂದರೆ ಅರ್ಥ ಕೊಟ್ಟವರು ಅವರಲ್ಲ, ಕೇಳಿದವರು. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ಬರೆದ ಪ್ರಬಂಧವೊಂದರಲ್ಲಿ ರಾಜಕೀಯದ ಮಸುಕು ಭಾಷೆಯನ್ನು ಬಿಡಿಸಿ ತೋರಿಸಿದ್ದರು. ಅದನ್ನು ನೋಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ, ಬೆಳೆಯ ಬೆಲೆಯ ಲೆಕ್ಕವನ್ನೇ ಬಿಡಿಸಿದರೆ ಸಾಕು.

ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗವು ಉತ್ಪಾದನಾ ವೆಚ್ಚಕ್ಕಿಂತ ಕನಿಷ್ಠ ಶೇ 50ರಷ್ಟು ಹೆಚ್ಚು ಬೆಂಬಲ ಬೆಲೆ ಸಿಗಬೇಕೆಂದು 2006ರಲ್ಲಿ ಶಿಫಾರಸು ಮಾಡಿತು. ಆಗಿನ ಯುಪಿಎ ಸರ್ಕಾರ 2007ರ ರೈತ ನೀತಿಯಲ್ಲಿ ಅದನ್ನು ಸೇರಿಸಲಿಲ್ಲ. ಬಿಜೆಪಿ 2014ರ ಪ್ರಣಾಳಿಕೆಯಲ್ಲಿ ವೆಚ್ಚದ ಮೇಲೆ ಕನಿಷ್ಠ ಶೇ 50ರಷ್ಟು ಲಾಭದ ಮಾತಾಡಿತು. ಗೆದ್ದ ಮರುವರ್ಷವೇ ಕೇಂದ್ರ ಸರ್ಕಾರ, ಹಾಗೆ ಮಾಡಿದರೆ ಮಾರುಕಟ್ಟೆ ಏರುಪೇರಾಗುತ್ತದೆ ಎಂದು ಸುಪ್ರೀಂ ಕೋರ್ಟಿಗೆ ತಿಳಿಸಿತು. 2018ರ ಬಜೆಟ್‌ನಲ್ಲಿ ಮತ್ತೆ ವೆಚ್ಚದ ಒಂದೂವರೆ ಪಟ್ಟು ಬೆಲೆಯ ಘೋಷಣೆ ಬಂತು.

ಯಾವ ವೆಚ್ಚ? ಗುಟ್ಟಿರುವುದೇ ಇಲ್ಲಿ. ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಮನೆಮಂದಿಯ ದುಡಿಮೆ ಇಷ್ಟನ್ನೇ ಕೂಡಿಸಿದರೆ ಒಂದು ಲೆಕ್ಕ. ಸರ್ಕಾರಿ ಕಡತದಲ್ಲಿ ಅದಕ್ಕೆ ‘ಎ2+ಎಫ್‌ಎಲ್’ ಎಂದು ಹೆಸರು. ಸ್ವಂತ ಜಮೀನಿನ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಇನ್ನೊಂದು ಲೆಕ್ಕ, ಅದು ‘ಸಿ2’. 2018–19ರಲ್ಲಿ ಒಂದು ಕ್ವಿಂಟಲ್ ಭತ್ತಕ್ಕೆ ಮೊದಲ ಲೆಕ್ಕದ ವೆಚ್ಚ 1,166 ರೂಪಾಯಿ, ಎರಡನೆಯದು 1,560. ಸರ್ಕಾರ ಮೊದಲನೆಯದನ್ನು ಹಿಡಿದು 1,750 ರೂಪಾಯಿ ಘೋಷಿಸಿತು. ಎರಡನೆಯದನ್ನು ಹಿಡಿದಿದ್ದರೆ 2,340 ಆಗುತ್ತಿತ್ತು. ಒಂದೇ ‘ಒಂದೂವರೆ ಪಟ್ಟು’, ಕ್ವಿಂಟಲಿಗೆ 590 ರೂಪಾಯಿ ಫರಕು! ವೇದಿಕೆಯ ಮೇಲೆ ನಿಂತು ಮಾತು ಉಳಿಸಿಕೊಂಡೆವು ಎಂದವರೂ ಲೆಕ್ಕ ತೋರಿಸಬಲ್ಲರು, ಮೋಸ ಮಾಡಿದರು ಎಂದವರೂ ತೋರಿಸಬಲ್ಲರು.

ಬೆಲೆ ಘೋಷಣೆಯಾದರೂ ಕತೆ ಮುಗಿಯುವುದಿಲ್ಲ. 2025–26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆದರೆ ಘೋಷಣೆ ಬೇರೆ, ಖರೀದಿ ಬೇರೆ. ಖರೀದಿ ಕೇಂದ್ರ ತೆರೆಯದಿದ್ದರೆ ಆ ದರ ಕಾಗದದಲ್ಲೇ ಉಳಿಯುತ್ತದೆ, ರೈತ ಸಿಕ್ಕ ದರಕ್ಕೆ ಮಾರಿ ಬರುತ್ತಾನೆ. ಇನ್ನು ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ ಕೇಂದ್ರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. 2024ರ ಮಾರ್ಚ್ 11ರಂದು ದರ ಕುಸಿದು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಲಾಗದು. ಆದರೆ ಪಟ್ಟಿಯಲ್ಲೇ ಇಲ್ಲದ ಬೆಳೆಯ ರೈತರ ಮುಂದೆ ‘ಎಲ್ಲ ಬೆಳೆಗೂ ಬೆಂಬಲ’ ಎಂದು ಹೇಳುವುದೂ ಸಮರ್ಥನೀಯವಲ್ಲ.

ಪಕ್ಕದ ಧಾರವಾಡ, ಗದಗದ ಜನ ಮಹದಾಯಿ ನದಿ ನೀರಿನ ವಿಷಯದಲ್ಲಿ ಇದೇ ಜಾಣತನ ಕಂಡಿದ್ದಾರೆ. 2017ರ ಡಿಸೆಂಬರ್ 21ರಂದು ಹುಬ್ಬಳ್ಳಿಯ ಬಿಜೆಪಿ ಸಮಾವೇಶದಲ್ಲಿ ಗೋವಾದ ಅಂದಿನ ಮುಖ್ಯಮಂತ್ರಿ ಮನೋಹರ್ ಪರ್ರಿಕರ್ ಅವರ ಪತ್ರವನ್ನು ಓದಲಾಯಿತು. ಕುಡಿಯುವ ಉದ್ದೇಶಕ್ಕೆ ಸಮಂಜಸ, ನ್ಯಾಯಯುತ ಪ್ರಮಾಣದ ನೀರಿಗೆ ಗೋವಾ ತಾತ್ವಿಕವಾಗಿ ಅಡ್ಡಿ ಮಾಡದು ಎಂಬುದು ಅದರ ಸಾರ. ತಾತ್ವಿಕವಾಗಿ ಎಂದರೆ ಯಾವಾಗ? ಸಮಂಜಸ ಎಂದರೆ ಎಷ್ಟು ಟಿಎಂಸಿ? ಪತ್ರ ಹೋಗಿದ್ದು ಕರ್ನಾಟಕ ಸರ್ಕಾರಕ್ಕಲ್ಲ, ಪಕ್ಷದ ಅಂದಿನ ರಾಜ್ಯಾಧ್ಯಕ್ಷ ಬಿ.ಎಸ್. ಯಡಿಯೂರಪ್ಪ ಅವರಿಗೆ. ಅಂಕಿ ಬಂದಿದ್ದು ಚುನಾವಣೆ ಮುಗಿದ ಮೇಲೆ, 2018ರ ಆಗಸ್ಟ್ 14ರಂದು ನ್ಯಾಯಮಂಡಳಿಯ ತೀರ್ಪಿನಲ್ಲಿ: ಕರ್ನಾಟಕಕ್ಕೆ 13.42 ಟಿಎಂಸಿ.

ಅಂಕಿ ಇಲ್ಲದ ಘೋಷಣೆಗೆ ಹಾವೇರಿ ಜಿಲ್ಲೆಗೆ ಇನ್ನೂ ಹತ್ತಿರದ ಉದಾಹರಣೆ ಪಂಚಮಸಾಲಿ ಮೀಸಲಾತಿ. ಈ ಲಿಂಗಾಯತ ಸಮುದಾಯ ಕೇಳಿದ್ದು ಹಿಂದುಳಿದ ವರ್ಗಗಳ 2ಎ ಪ್ರವರ್ಗ. ಶಿಗ್ಗಾವಿ ಕ್ಷೇತ್ರದವರಾದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 2022ರ ಡಿಸೆಂಬರ್ 29ರಂದು ಸಂಪುಟ 2ಸಿ, 2ಡಿ ಎಂಬ ಹೊಸ ಪ್ರವರ್ಗಗಳನ್ನು ಪ್ರಕಟಿಸಿತು. ಶೇಕಡಾ ಎಷ್ಟು ಎಂಬುದನ್ನು ಹೇಳಲಿಲ್ಲ. 2023ರ ಮಾರ್ಚ್ 24ರಂದು ಹೇಳಿದಾಗ, ಮುಸ್ಲಿಮರ ಶೇ 4ನ್ನು ತೆಗೆದು ಆ ಪಾಲು ಹಂಚಲಾಗಿತ್ತು. ವಿಷಯ ಸುಪ್ರೀಂ ಕೋರ್ಟ್ ತಲುಪಿತು, ಜಾರಿ ಮಾಡುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿತು. ಪಂಚಮಸಾಲಿಗಳಿಗೆ ಸಿಕ್ಕಿದ್ದು ಒಂದು ಹೆಸರು, ಮುಸ್ಲಿಮರಿಗೆ ಸಿಕ್ಕಿದ್ದು ಒಂದು ಆತಂಕ.

ಕಾಂಗ್ರೆಸ್ಸಿನ ಗ್ಯಾರಂಟಿಗಳಲ್ಲಿ ಅಂಕಿಗಳಿದ್ದವು, ಅಷ್ಟರ ಮಟ್ಟಿಗೆ ಅವು ಮೇಲು. ಆದರೂ 2023ರ ಪ್ರಚಾರದಲ್ಲಿ ‘ನಿನಗೂ ಫ್ರೀ, ನನಗೂ ಫ್ರೀ’ ಎಂಬ ಧಾಟಿ ಜೋರಾಗಿತ್ತು. ಉಚಿತ ವಿದ್ಯುತ್ತಿನ ಗೃಹಜ್ಯೋತಿಯ ಆದೇಶದಲ್ಲಿ ಬಂದಿದ್ದು ಬೇರೆ: ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅದೂ 200 ಯೂನಿಟ್‌ನೊಳಗೆ.

ಕೆಲವು ಮಾತು ಭರವಸೆಗಲ್ಲ, ನಡೆದದ್ದನ್ನು ಮೆತ್ತಗೆ ಮಾಡಲು ಬಳಕೆಯಾಗುತ್ತವೆ. 2019ರಲ್ಲಿ ರಾಣೆಬೆನ್ನೂರಿನ ಆರ್. ಶಂಕರ್, ಹಿರೇಕೆರೂರಿನ ಬಿ.ಸಿ. ಪಾಟೀಲ ಸೇರಿ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಸುದ್ದಿಯಲ್ಲಿ ಓಡಾಡಿದ್ದು ‘ಅತೃಪ್ತರು’ ಎಂಬ ಪದ. ಪಕ್ಷ ಬಿಟ್ಟವರನ್ನು ಪಕ್ಷಾಂತರಿ ಎಂದರೆ ಮತದಾರನಿಗೆ ಸಿಟ್ಟು ಬರುತ್ತದೆ, ಅತೃಪ್ತ ಎಂದರೆ ಕನಿಕರ.

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಕರ್ತೃವೇ ಇಲ್ಲದ ವಾಕ್ಯ. ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’. ಮಾಡುವವರು ಯಾರು, ಯಾವ ದಿನ? ಯಡಿಯೂರಪ್ಪ 2008ರ ಮೇ 30ರಂದು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು. ‘ಗೋಲಿಬಾರ್ ನಡೆಯಿತು’ ಎಂದು ಹೇಳಿದರೆ ಗುಂಡು ಹಾರಿಸಿದವರು ವಾಕ್ಯದಿಂದಲೇ ಮಾಯವಾಗುತ್ತಾರೆ. ಹೊಸರಿತ್ತಿಯಲ್ಲಿ ಬ್ರಿಟಿಷರ ಕಂದಾಯದ ಹಣ ಕಸಿಯಲು ಹೋಗಿ 1943ರ ಏಪ್ರಿಲ್ 1ರಂದು ಪೊಲೀಸರ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ನಾಡು ಇದು. ಅವರ ಹೆಸರು ಹೇಳಿ ಮಾತು ಆರಂಭಿಸುವವರು ಮಾತನ್ನು ಅಷ್ಟೇ ನೇರವಾಗಿ ಮುಗಿಸಬೇಕಲ್ಲವೇ?

ಪ್ರಣಾಳಿಕೆಯಲ್ಲಿನ ಭರವಸೆಗೆ ಕಾರಣವನ್ನೂ ಹಣ ಹೊಂದಿಸುವ ದಾರಿಯನ್ನೂ ಸ್ಥೂಲವಾಗಿಯಾದರೂ ತಿಳಿಸಬೇಕೆಂದು ಚುನಾವಣಾ ಆಯೋಗ 2014ರಿಂದ ಹೇಳುತ್ತಲೇ ಇದೆ. ಆಯೋಗ ಹೇಳಿದ್ದನ್ನು ಕೇಳುವವರು ಊರಲ್ಲೂ ಇರಬೇಕು. ಮುಂದಿನ ಸಭೆಯಲ್ಲಿ ವೈಜ್ಞಾನಿಕ ಬೆಲೆಯ ಮಾತು ಬಂದ ಕೂಡಲೇ ಚಪ್ಪಾಳೆ ಬಿಟ್ಟು ಎದ್ದು ನಿಂತು ಕೇಳಿ: ಯಾವ ಲೆಕ್ಕದ ವೆಚ್ಚ, ಕ್ವಿಂಟಲಿಗೆ ಎಷ್ಟು, ಖರೀದಿ ಕೇಂದ್ರ ಯಾವ ಊರಲ್ಲಿ, ಯಾವ ತಾರೀಖಿಗೆ?