ಅಂಚೆಚೀಟಿಯಷ್ಟು ಕಾರ್ಡಿನಲ್ಲಿ ಟೆರಾಬೈಟು

36 ಫೋಟೋ ತೆಗೆದರೆ ರೀಲು ಖಾಲಿ. ಆ ಕಾಲ ನೆನಪಿದೆಯಾ?

ಡಿಜಿಟಲ್ ಬಂದ ಹೊಸತರಲ್ಲೂ ಕಷ್ಟ ಅಷ್ಟೇನೂ ತಪ್ಪಲಿಲ್ಲ. ಸ್ಯಾನ್‌ಡಿಸ್ಕ್, ಪ್ಯಾನಸಾನಿಕ್, ತೋಷಿಬಾ ಸೇರಿ 1999ರಲ್ಲಿ ಎಸ್‌ಡಿ ಮೆಮರಿ ಕಾರ್ಡ್ ಘೋಷಿಸಿದವು. ಮೊದಲ ಕಾರ್ಡುಗಳಲ್ಲಿ ಜಾಗ ಬರೀ 32, 64 ಮೆಗಾಬೈಟ್. ಇವತ್ತಿನ 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ (ಸಂಸ್ಕರಿಸದ ಮೂಲ ಚಿತ್ರ) ಫೈಲೇ ಸುಮಾರು 50 ಮೆಗಾಬೈಟ್!

ಅದೇ ಹೊತ್ತಿಗೆ ಐಬಿಎಂ, ಗಿರಗಿರ ತಿರುಗುವ ಪುಟಾಣಿ ಹಾರ್ಡ್‌ಡಿಸ್ಕನ್ನೇ ಕ್ಯಾಮೆರಾದೊಳಗೆ ತೂರಿಸಿತ್ತು. ಹೆಸರು ಮೈಕ್ರೋಡ್ರೈವ್, 340 ಮೆಗಾಬೈಟ್. ಭಲೇ ಐಡಿಯಾ, ಆದರೆ ಕೈಜಾರಿ ಬಿದ್ದರೆ ದೇವರೇ ಗತಿ.

ಹಾಗಾದರೆ ಅಷ್ಟೇ ದೊಡ್ಡ ಎಸ್‌ಡಿ ಕಾರ್ಡಿನಲ್ಲಿ ಇವತ್ತು ಟೆರಾಬೈಟಿನಷ್ಟು ಜಾಗ ಎಲ್ಲಿಂದ ಬಂತು? ಮೊದಲು, ಚಿಪ್ಪಿನ ಮೇಲೆ ಮಾಹಿತಿ ಹಿಡಿದಿಡುವ ಕೋಶಗಳನ್ನು ಕುಗ್ಗಿಸುತ್ತ ಹೋದರು. ಆಮೇಲೆ ಒಂದೊಂದು ಕೋಶದಲ್ಲೂ ಒಂದರ ಬದಲು ಎರಡು, ಮೂರು ಬಿಟ್ ತುಂಬಿದರು. ಕುಗ್ಗಿಸುವುದಕ್ಕೂ ಮಿತಿ ಇದೆಯಲ್ಲ! ಸೈಟು ಸಾಲದೆ ಅಪಾರ್ಟ್‌ಮೆಂಟ್ ಎಬ್ಬಿಸಿದ ಹಾಗೆ, ಕೋಶಗಳನ್ನು ಮಹಡಿ ಮಹಡಿಯಾಗಿ ಪೇರಿಸಿದರು. ಸ್ಯಾಮ್‌ಸಂಗ್ 2013ರಲ್ಲಿ ಇಂಥ ಚಿಪ್ಪುಗಳ ದೊಡ್ಡ ಪ್ರಮಾಣದ ಉತ್ಪಾದನೆ ಶುರುಮಾಡಿತು.

ಎಸ್‌ಡಿ ಕಾರ್ಡಿನ ಒಂದೊಂದು ಬಗೆಯಲ್ಲಿ ಎಷ್ಟು ಜಾಗ ಇರಬಹುದೆಂಬ ನಿಯಮವೂ ಹಿಗ್ಗಿತು. ಎಸ್‌ಡಿಎಚ್‌ಸಿಗೆ 32 ಗಿಗಾಬೈಟ್ ಮಿತಿ, ಎಸ್‌ಡಿಎಕ್ಸ್‌ಸಿಗೆ 2 ಟೆರಾಬೈಟ್. 2018ರ ಎಸ್‌ಡಿಯುಸಿಗೆ 128 ಟೆರಾಬೈಟ್. ಅಷ್ಟು ದೊಡ್ಡ ಕಾರ್ಡು ಸದ್ಯಕ್ಕೆ ಕಾಗದದ ಮೇಲೆ ಮಾತ್ರ.

ಕೊಳ್ಳುವಾಗ ಗಿಗಾಬೈಟ್ ಒಂದನ್ನೇ ನೋಡಬೇಡಿ. ಕಬಿನಿಯಲ್ಲಿ ಚಿರತೆ ಕಂಡಿತು ಅಂತ ಸೆಕೆಂಡಿಗೆ 20 ರಾ ಚಿತ್ರ ಹೊಡೆದರೆ, ಹತ್ತಿರಹತ್ತಿರ 1 ಗಿಗಾಬೈಟ್! ಕಾರ್ಡು ನಿಧಾನವಾಗಿದ್ದರೆ ಕ್ಯಾಮೆರಾ ನಡುವೆಯೇ ಏದುಸಿರು ಬಿಡುತ್ತದೆ. ಕಾರ್ಡಿನ ಮೇಲೆ ವಿ30, ವಿ60, ವಿ90 ಎಂದಿರುತ್ತದೆ: ವಿಡಿಯೊ ಬರೆಯುವಾಗ ಸೆಕೆಂಡಿಗೆ ಕನಿಷ್ಠ ಅಷ್ಟು ಮೆಗಾಬೈಟ್ ವೇಗ ಖಾತ್ರಿ.